ಬಬಲ್ ಟೀ ಬಂತು, ಕುರ್ಚಿ ಎಲ್ಲಿ ಹೋಯ್ತು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮೆಟ್ರೋದಲ್ಲಿ ನಿಂತು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಒಂದೂವರೆ ಸ್ಪೀಡ್‌ನಲ್ಲಿ ಓಡಿಸ್ಕೊಂಡು ಕೇಳೋ ಅವಸರದವರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಬಬಲ್ ಟೀ. ದಪ್ಪ ಸ್ಟ್ರಾ, ಕಪ್ಪಿನ ಬಾಯಿಗೆ ಪ್ಲಾಸ್ಟಿಕ್ ಸೀಲು, ತಳದಲ್ಲಿ ಕರಿ ಗೋಲಿ. ಬೆಂಗಳೂರಿನ ಮಾಲ್‌ಗಳಲ್ಲಿ ಓಡಾಡೋರಿಗೆ ಇದೇನು ಹೊಸದಲ್ಲ. 2023ರಲ್ಲಿ ಶುರುವಾದ ಬೋಬಾ ಭಾಯ್ ಅನ್ನೋ ಬ್ರ್ಯಾಂಡ್ ಬೆಂಗಳೂರಿನದ್ದೇ. ಆದರೆ ಇವತ್ತು ನಾವು ಇಲ್ಲಿಯ ಅಂಗಡಿಗಳ ಸುದ್ದಿಗೆ ಹೋಗೋದಿಲ್ಲ. ಈ ಕಪ್ಪು ಹುಟ್ಟಿದ್ದು ತೈವಾನಿನಲ್ಲಿ, ದೈತ್ಯ ಉದ್ಯಮ ಆಗಿದ್ದು ಚೀನಾದಲ್ಲಿ. ಅಲ್ಲಿಗೇ ಹೋಗೋಣ.

ಯಾಕೆ ಅಂದ್ರೆ, ಬಬಲ್ ಟೀ ಬಗ್ಗೆ ಮಾತು ಬಂದಾಗೆಲ್ಲ ಒಂದು ದೂರು ಕೇಳಿಸುತ್ತೆ. ಸಾವಿರಾರು ವರ್ಷದ ಚಹಾ ಸಂಸ್ಕೃತಿ ಇದ್ದ ಜನ, ಅದಕ್ಕೆ ಹಾಲು, ಸಕ್ಕರೆ, ಜೆಲ್ಲಿ, ಗೋಲಿ ಎಲ್ಲ ಸುರಿದು ಕೆಡಿಸಿಬಿಟ್ರು ಅನ್ನೋ ದೂರು. ನನ್ನ ಪ್ರಕಾರ ಈ ದೂರು ತಪ್ಪು ವಿಳಾಸಕ್ಕೆ ಹೋಗ್ತಿದೆ. ಕಪ್ಪಿನ ಒಳಗೆ ಇರೋದು ಯಾವತ್ತೂ ಬದಲಾಗ್ತಾನೇ ಇತ್ತು. ನಿಜವಾಗಿ ಕಾಣೆಯಾಗಿದ್ದು ಕಪ್ಪಿನ ಪಕ್ಕದಲ್ಲಿದ್ದ ಕುರ್ಚಿ.

ಮೊದಲು ಕಪ್ಪಿನ ಒಳಗೆ ಏನಿದೆ ನೋಡೋಣ. ಅದಕ್ಕೂ ಮುಂಚೆ, ಆ ಪಾನೀಯದ ಹೆಸರು. ಹುಬ್ಬಳ್ಳಿ ಧಾರವಾಡದ ಕಡೆ ಹೋದ್ರೆ 'ಚಾ ಕುಡೀರಿ' ಅಂತಾರೆ, ಮೈಸೂರಿನ ಕಡೆ 'ಟೀ ತಗೊಳ್ಳಿ' ಅಂತಾರೆ. ಎರಡೂ ಚೀನಾದ್ದೇ ಪದ, ಆದರೆ ಎರಡು ಬೇರೆ ಬೇರೆ ದಾರಿಯಲ್ಲಿ ಬಂದವು. ಚೀನಾದ ಬಹುಪಾಲು ಕಡೆ ಅದು 'ಚಾ'. ಪರ್ಷಿಯಾದ ಕಡೆಯ ನೆಲದ ದಾರಿಯಲ್ಲಿ, ಮಕಾವ್‌ನಿಂದ ಪೋರ್ಚುಗೀಸರ ಹಡಗಿನಲ್ಲಿ ಹೋಗಿದ್ದು ಈ 'ಚಾ'. ಫುಜಿಯಾನ್ ಕರಾವಳಿಯ ಭಾಷೆಯಲ್ಲಿ ಮಾತ್ರ ಅದೇ ಅಕ್ಷರಕ್ಕೆ 'ತೇ' ಅನ್ನೋ ಉಚ್ಚಾರ. ಅಲ್ಲಿ ವ್ಯಾಪಾರ ಮಾಡಿದ ಡಚ್ಚರು 'ತೇ'ಯನ್ನ ಯುರೋಪಿಗೆ ತಗೊಂಡು ಹೋದರು, ಇಂಗ್ಲಿಷರ ಬಾಯಲ್ಲಿ ಅದು ಟೀ ಆಗಿ ನಮ್ಮ ಮನೆಗೆ ಬಂತು. ಫುಜಿಯಾನ್‌ನಿಂದ ಸಮುದ್ರ ದಾಟಿ ತೈವಾನಿಗೆ ಹೋಗಿ ನೆಲೆಸಿದವರ ಮನೆಮಾತಲ್ಲಿ ಈಗಲೂ ಅದು 'ತೇ'. ಅಂದ್ರೆ ಕನ್ನಡದವರಾದ ನಾವು ಒಂದೇ ಲೋಟಕ್ಕೆ ಎರಡು ಚೀನೀ ಹೆಸರು ಇಟ್ಕೊಂಡಿದ್ದೀವಿ.

ಈಗ ಇತಿಹಾಸ. ಗಾಬರಿ ಬೇಡ, ಮೂರೇ ನಿಲ್ದಾಣ.

ಎಂಟನೇ ಶತಮಾನ, ತಾಂಗ್ ರಾಜವಂಶದ ಕಾಲ. ಲು ಯು ಅನ್ನೋರು 'ಚಾ ಜಿಂಗ್' ಅನ್ನೋ ಪುಸ್ತಕ ಬರೀತಾರೆ. ಚಹಾದ ಬಗ್ಗೆಯೇ ಬರೆದ ಮೊದಲ ಪುಸ್ತಕ ಅಂತ ಇದನ್ನ ಗುರುತಿಸ್ತಾರೆ. ಆಗ ಚಹಾ ಎಲೆಯನ್ನ ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆ ಮಾಡಿ ಒಣಗಿಸಿಡ್ತಿದ್ರು. ಬೇಕಾದಾಗ ಸುಟ್ಟು ಪುಡಿ ಮಾಡಿ ನೀರಲ್ಲಿ ಕುದಿಸ್ತಿದ್ರು. ಜನ ಅದಕ್ಕೆ ಈರುಳ್ಳಿ, ಶುಂಠಿ, ಕಿತ್ತಳೆ ಸಿಪ್ಪೆ, ಪುದೀನ ಎಲ್ಲ ಹಾಕ್ತಿದ್ರು. ಲು ಯು ಅವರಿಗೆ ಅದನ್ನ ನೋಡಿದ್ರೆ ಮೈ ಉರಿ. ಚರಂಡಿ ನೀರಿಗೆ ಹೋಲಿಸಿ ಬೈದಿದ್ದಾರೆ. ಸರಿ, ಶುದ್ಧ ಚಹಾ ಅಂದ್ರೆ ಯಾವುದು ಸ್ವಾಮಿ ಅಂತ ಕೇಳಿದ್ರೆ, ಅವರ ಸ್ವಂತ ವಿಧಾನದಲ್ಲಿ ಕುದಿಯೋ ನೀರಿಗೆ ಒಂದು ಚಿಟಿಕೆ ಉಪ್ಪು! ಇವತ್ತು ಯಾರಾದ್ರೂ ಚೀನಾದ ಚಹಾ ಪಂಡಿತರ ಎದುರು ಗ್ರೀನ್ ಟೀಗೆ ಉಪ್ಪು ಹಾಕಿದ್ರೆ ಎದ್ದು ಹೋಗ್ತಾರೇನೋ.

ಮುಂದಿನ ನಿಲ್ದಾಣ ಸೋಂಗ್ ಕಾಲ. ಇಲ್ಲಿ ಉಪ್ಪು ಹೋಯ್ತು, ಕುದಿಸೋದೂ ಹೋಯ್ತು. ನುಣ್ಣಗೆ ಪುಡಿ ಮಾಡಿದ ಚಹಾವನ್ನ ಬಟ್ಟಲಿಗೆ ಹಾಕಿ, ಸ್ವಲ್ಪ ಸ್ವಲ್ಪವೇ ಬಿಸಿನೀರು ಬಿಟ್ಟು, ಬಿದಿರಿನ ಕಡ್ಡಿಯ ಕುಂಚದಲ್ಲಿ ಕಡೀತಿದ್ರು. ಯಾಕೆ? ನೊರೆ ಬರಲಿ ಅಂತ. ಬೆಳ್ಳಗೆ, ದಪ್ಪಗೆ, ಬಟ್ಟಲಿನ ಅಂಚಿಗೆ ಕಚ್ಚಿಕೊಂಡು ನಿಲ್ಲೋ ನೊರೆ. ಯಾರ ನೊರೆ ಹೆಚ್ಚು ಹೊತ್ತು ನಿಲ್ಲುತ್ತೆ ಅಂತ ಪಂದ್ಯ ಕಟ್ತಿದ್ರು. ಬಿಳಿ ನೊರೆ ಎದ್ದು ಕಾಣಲಿ ಅಂತಲೇ ಕರಿ ಬಟ್ಟಲು. ನೊರೆ ಮೇಲೆ ಚಿತ್ರ ಬಿಡಿಸ್ತಿದ್ರು, ಇವತ್ತಿನ ಲ್ಯಾಟೆ ಆರ್ಟ್ ತರಹ. ಹುಯಿಝೊಂಗ್ ಅನ್ನೋ ಚಕ್ರವರ್ತಿಯಂತೂ 1107ರಲ್ಲಿ ಚಹಾ ಬಗ್ಗೆ ತಾನೇ ಒಂದು ಗ್ರಂಥ ಬರೆದ. ನೊರೆ ಎಬ್ಬಿಸೋದರಲ್ಲಿ ನಿಪುಣ, ರಾಜ್ಯ ಉಳಿಸಿಕೊಳ್ಳೋದರಲ್ಲಿ ಅಲ್ಲ. 1127ರಲ್ಲಿ ಜುರ್ಚೆನ್ನರು ರಾಜಧಾನಿ ಹಿಡಿದು ಅವನನ್ನ ಸೆರೆ ಒಯ್ದರು, ಸೆರೆಯಲ್ಲೇ ಸತ್ತ. ಆ ಪುಡಿ ಚಹಾದ ಪದ್ಧತಿ ಜಪಾನಿಗೆ ಹೋಗಿ ಮಾಚಾ ಆಗಿ ಉಳಿದುಕೊಂಡಿತು. ಚೀನಾದಲ್ಲೇ ಅದು ಮರೆತು ಹೋಯ್ತು.

ಮರೆತು ಹೋಗೋದಕ್ಕೆ ಒಂದು ಸರ್ಕಾರಿ ಆದೇಶವೂ ಕಾರಣ. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಹೊಂಗ್‌ವು, ಅರಮನೆಗೆ ಬಿಲ್ಲೆ ಚಹಾ ಬೇಡ, ಬಿಡಿ ಎಲೆ ಸಾಕು ಅಂದ. ಆತ ಬಡ ರೈತರ ಮನೆಯಲ್ಲಿ ಹುಟ್ಟಿದವನು, ಬಿಲ್ಲೆ ಮಾಡೋದರಲ್ಲಿ ಜನ ಎಷ್ಟು ಸೋತು ಹೋಗ್ತಾರೆ ಅನ್ನೋದು ಅವನಿಗೆ ಗೊತ್ತಿತ್ತು. ಆಮೇಲೆ ಬಂದಿದ್ದೇ ಎಲೆಯನ್ನ ಬಿಸಿನೀರಲ್ಲಿ ನೆನೆಸಿ ಕುಡಿಯೋ ಈಗಿನ ಕ್ರಮ, ಪುಟ್ಟ ಟೀಪಾಟು ಎಲ್ಲ. ನಾವು 'ಪ್ರಾಚೀನ ಚೀನೀ ಚಹಾ' ಅಂತ ಕಣ್ಮುಂದೆ ತಂದುಕೊಳ್ಳೋ ಚಿತ್ರ ಇದೆಯಲ್ಲ, ಅದಕ್ಕೆ ಬರೀ ಆರು ನೂರು ಚಿಲ್ಲರೆ ವರ್ಷ. ಅದರ ಹಿಂದೆ ಉಪ್ಪಿನ ಚಹಾ ಇದೆ, ನೊರೆ ಚಹಾ ಇದೆ.

ಈಗ ಒಂದೇ ಜಿಗಿತಕ್ಕೆ ತೈವಾನ್, 1980ರ ದಶಕ. ಜನರ ಕೈಯಲ್ಲಿ ದುಡ್ಡು ಆಡೋಕೆ ಶುರುವಾದ ಕಾಲ. ಅಲ್ಲಿವರೆಗೆ ಚಹಾ ಅಂದ್ರೆ ಬಿಸಿ, ಚಹಾ ಅಂದ್ರೆ ಹಿರಿಯರು. ತೈಚುಂಗ್ ಊರಲ್ಲಿ 1983ರಲ್ಲಿ ಲ್ಯೂ ಹಾನ್-ಚಿಯೆ ಅನ್ನೋರು ಒಂದು ಚಹಾ ಅಂಗಡಿ ತೆಗೆದರು. ಮುಂದೆ ಚುನ್ ಶ್ವೇ ಟಾಂಗ್ ಅಂತ ಹೆಸರಾಗಿದ್ದು ಇದೇ. ಜಪಾನಿನಲ್ಲಿ ತಣ್ಣನೆ ಕಾಫಿ ಕೊಡೋದನ್ನ ನೋಡಿದ್ದ ಅವರು, ಚಹಾವನ್ನೂ ತಣ್ಣಗೆ ಕೊಟ್ರೆ ಹೇಗೆ ಅಂತ ಯೋಚಿಸಿದ್ರು. ಬಾರ್‌ಗಳಲ್ಲಿ ಕಾಕ್‌ಟೇಲ್ ಕಲಕೋ ಶೇಕರ್ ತಗೊಂಡು, ಅದರಲ್ಲಿ ಚಹಾ, ಸಕ್ಕರೆ ಪಾಕ, ಐಸ್ ಹಾಕಿ ಗಡಗಡ ಅಲ್ಲಾಡಿಸಿದ್ರು. ಮೇಲೆ ನೊರೆ ಬಂತು. 'ನೊರೆ ಚಹಾ' ಅಂತ ಹೆಸರಾಯ್ತು.

ಇಲ್ಲಿ ಒಂದು ಕ್ಷಣ ನಿಲ್ಲಿ. ಬಬಲ್ ಟೀ ಅನ್ನೋ ಹೆಸರಲ್ಲಿರೋ ಬಬಲ್ ಮೊದಲು ಈ ನೊರೆ. ತಳದಲ್ಲಿರೋ ಗೋಲಿ ಅಲ್ಲ! ಗೋಲಿ ಇನ್ನೂ ಬಂದೇ ಇರಲಿಲ್ಲ.

ಗೋಲಿ ಯಾರು ಹಾಕಿದ್ರು ಅನ್ನೋದಕ್ಕೆ ಇಬ್ಬರು ಹಕ್ಕುದಾರರು. ಚುನ್ ಶ್ವೇ ಟಾಂಗ್‌ನವರು ಹೇಳೋ ಕಥೆ ಹೀಗಿದೆ. ಎಂಬತ್ತರ ದಶಕದ ಕೊನೆ, ಸಿಬ್ಬಂದಿ ಸಭೆ ನಡೀತಿತ್ತು. ಲಿನ್ ಶ್ಯೂ-ಹುಯಿ ಅನ್ನೋ ಉದ್ಯೋಗಿ ತಿನ್ನೋಕೆ ಅಂತ 'ಫೆನ್ ಯುವಾನ್' ತಂದಿದ್ರು, ತೈವಾನಿನ ಬೀದಿಗಳಲ್ಲಿ ಸಿಗೋ ಸಿಹಿ ಗೋಲಿ. ಸುಮ್ಮನೆ ತಮಾಷೆಗೆ ಅದನ್ನ ಎದುರಿಗಿದ್ದ ಐಸ್ ಟೀಗೆ ಸುರಿದರು, ರುಚಿ ಹಿಡಿಸಿಬಿಡ್ತು. ಇನ್ನೊಂದು ಕಥೆ ತೈನಾನ್ ಊರಿನ ಹಾನ್‌ಲಿನ್ ಟೀ ರೂಮ್‌ನದ್ದು. ಅದರ ಯಜಮಾನ ತು ತ್ಸೊಂಗ್-ಹೆ 1986ರಲ್ಲಿ ಮಾರುಕಟ್ಟೆಯಲ್ಲಿ ಬಿಳಿ ಗೋಲಿ ನೋಡಿ ಚಹಾಕ್ಕೆ ಹಾಕಿದ್ರಂತೆ. ಮುತ್ತಿನ ಹಾಗೆ ಕಂಡಿದ್ದಕ್ಕೆ 'ಮುತ್ತಿನ ಚಹಾ'. ಎರಡೂ ಅಂಗಡಿಗಳು ಹತ್ತು ವರ್ಷ ಕೋರ್ಟಿಗೆ ಅಲೆದವು. ಕೊನೆಗೆ 2019ರಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಇದಕ್ಕೆ ಯಾರ ಪೇಟೆಂಟೂ ಇಲ್ಲ, ಯಾರು ಬೇಕಾದರೂ ಮಾಡಬಹುದು, ಮೊದಲು ಮಾಡಿದ್ದು ಯಾರು ಅಂತ ನಿರ್ಧರಿಸೋ ಅಗತ್ಯವೇ ಇಲ್ಲ. ಇಬ್ಬರೂ ಪೇಟೆಂಟ್ ಮಾಡಿಸದೇ ಇದ್ದಿದ್ದಕ್ಕೇ ಇವತ್ತು ಈ ಪಾನೀಯ ಎಲ್ಲೆಲ್ಲೂ ಇರೋದು.

ಆ ಗೋಲಿ ಅಂದ್ರೆ ಏನು? ಮರಗೆಣಸಿನ ಹಿಟ್ಟು. ನಮ್ಮ ಸಬ್ಬಕ್ಕಿ ಇದೆಯಲ್ಲ, ಪಾಯಸಕ್ಕೆ, ಹಪ್ಪಳ ಸಂಡಿಗೆಗೆ ಹಾಕೋದು, ಅದರ ಅಣ್ಣ ಅಂತಿಟ್ಕೊಳ್ಳಿ. ಸಬ್ಬಕ್ಕಿಯೂ ಮರಗೆಣಸಿನದ್ದೇ, ಸೇಲಂ ಕಡೆಯಿಂದ ಬರೋದು. ಮರಗೆಣಸು ಹುಟ್ಟಿದ ಊರು ಸೇಲಂ ಅಲ್ಲ, ತೈವಾನೂ ಅಲ್ಲ, ದಕ್ಷಿಣ ಅಮೆರಿಕ. ಗೋಲಿಯನ್ನ ಅರ್ಧ ಗಂಟೆ ಕುದಿಸಿ, ಹಾಗೇ ಮುಚ್ಚಿಟ್ಟು, ಬೆಲ್ಲದಂಥ ಕಂದು ಸಕ್ಕರೆ ಪಾಕದಲ್ಲಿ ನೆನೆಸ್ತಾರೆ. ಬೆಂದ ಗೋಲಿಗೆ ಕೆಲವೇ ಗಂಟೆ ಆಯುಸ್ಸು, ಆಮೇಲೆ ಒಳಗೆ ಗಟ್ಟಿ, ಹೊರಗೆ ಲೊಳಕು. ಒಳ್ಳೆ ಅಂಗಡಿಯವರು ನಾಲ್ಕು ಗಂಟೆ ಆಯ್ತು ಅಂದ್ರೆ ಎಸೆದುಬಿಡ್ತಾರೆ. ಹಲ್ಲಿಗೆ ಸಿಕ್ಕಿ ಪುಟಿಯೋ ಆ ಗುಣಕ್ಕೆ ತೈವಾನಿನವರು ಇಂಗ್ಲಿಷಿನ 'ಕ್ಯೂ' ಅಕ್ಷರ ಇಟ್ಕೊಂಡಿದ್ದಾರೆ. ತುಂಬಾ ಚೆನ್ನಾಗಿದ್ರೆ 'ಕ್ಯೂಕ್ಯೂ'.

ಲಿನ್ ಅವರ ಆ ಐಸ್ ಟೀ ಅಸ್ಸಾಂ ಚಹಾ ಆಗಿತ್ತಂತೆ. ತೈವಾನಿನ ಸನ್ ಮೂನ್ ಸರೋವರದ ಹತ್ತಿರ ಅಸ್ಸಾಂ ಜಾತಿಯ ಗಿಡಗಳನ್ನ 1920ರ ದಶಕದಲ್ಲಿ ಬೆಳೆಸೋಕೆ ಶುರು ಮಾಡಿದ್ದು ಆಗ ಅಲ್ಲಿ ಆಳ್ತಿದ್ದ ಜಪಾನಿಯರು. ಇನ್ನೂ ಒಂದು ಮಜಾ ಕೇಳಿ. ಚೀನಾದ ಮಿಲ್ಕ್ ಟೀ ಅಂಗಡಿಗಳಲ್ಲಿ ಈಗ ಭರ್ಜರಿಯಾಗಿ ಓಡೋದು ಮಲ್ಲಿಗೆ ಚಹಾ. ಚೀನೀ ಭಾಷೆಯಲ್ಲಿ ಮಲ್ಲಿಗೆಗೆ 'ಮೋಲಿ' ಅಂತಾರೆ. ಆ ಪದ ಸಂಸ್ಕೃತದ 'ಮಲ್ಲಿಕಾ'ದಿಂದ ಹೋಗಿದ್ದು. ಹೂವೂ ಅಷ್ಟೇ, ನಮ್ಮ ದುಂಡುಮಲ್ಲಿಗೆ ಜಾತಿಯದ್ದೇ. ಗ್ವಾಂಗ್ಶಿ ಪ್ರಾಂತ್ಯದ ಹೆಂಗ್‌ಝೋ ಅನ್ನೋ ಊರು ಅದರ ದೊಡ್ಡ ತವರು. ಮಧ್ಯಾಹ್ನ ಮೊಗ್ಗು ಕಿತ್ತು ತರ್ತಾರೆ. ರಾತ್ರಿ ಅದು ಅರಳೋ ಹೊತ್ತಿಗೆ ಚಹಾ ಎಲೆ ಜೊತೆ ಬೆರೆಸಿ ಗುಡ್ಡೆ ಹಾಕ್ತಾರೆ, ಬೆಳಗಾದ್ರೆ ಹೂವು ಬೇರ್ಪಡಿಸ್ತಾರೆ. ಎಲೆಗೆ ಪರಿಮಳ ಹಿಡಿಯೋವರೆಗೆ ಮತ್ತೆ ಹೊಸ ಹೂವು, ಮತ್ತೆ ರಾತ್ರಿ. ಒಳ್ಳೆ ದರ್ಜೆಯದ್ದಕ್ಕೆ ಇದು ಹಲವು ಸುತ್ತು ನಡೆಯುತ್ತೆ.

ದಕ್ಷಿಣ ಅಮೆರಿಕದ ಗೆಣಸು, ಅಸ್ಸಾಂ ಎಲೆ, ನಮ್ಮ ಕಡೆಯ ಮಲ್ಲಿಗೆ, ಬಾರ್‌ನ ಶೇಕರ್. ಇನ್ನು ಹೇಟೀ ಅನ್ನೋ ಕಂಪನಿಯ ಚೀಸ್ ಟೀ ನೋಡಿ. ಕಹಿ ಚಹಾ ಮೇಲೆ ಉಪ್ಪುಪ್ಪಾದ ಚೀಸ್ ಕ್ರೀಮಿನ ಬಿಳಿ ನೊರೆ. ಸೋಂಗ್ ಕಾಲದ ನೊರೆ, ತಾಂಗ್ ಕಾಲದ ಉಪ್ಪು, ಎರಡೂ ವಾಪಸ್ ಬಂದ ಹಾಗಾಯ್ತಲ್ಲ! ಕಪ್ಪಿನ ಒಳಗಿನ ಬದಲಾವಣೆಗೆ ನಾನು ಯಾಕೆ ತಲೆ ಕೆಡಿಸಿಕೊಳ್ಳಲ್ಲ ಅಂತ ಈಗ ಗೊತ್ತಾಯ್ತಾ?

ಒಂದು ಆಕ್ಷೇಪ ಮಾತ್ರ ಒಪ್ತೀನಿ, ಅದು ಸಕ್ಕರೆ. ಅಂಗಡಿಯಲ್ಲಿ ಪೂರ್ತಿ ಸಿಹಿ, ಅರ್ಧ ಸಿಹಿ, ಸಕ್ಕರೆ ಬೇಡ ಅಂತೆಲ್ಲ ಆಯ್ಕೆ ಕೊಡ್ತಾರೆ ನಿಜ. ಆದರೂ ಗೋಲಿಯ ಪಾಕದ ಸಿಹಿ ಒಳಗೆ ಹೋಗೇ ಹೋಗುತ್ತೆ. ಸಿಂಗಾಪುರದಲ್ಲಿ 2023ರ ಡಿಸೆಂಬರ್ 30ರಿಂದ ಅಂಗಡಿಯಲ್ಲಿ ಆಗಲೇ ಮಾಡಿಕೊಡೋ ಪಾನೀಯಗಳಿಗೂ ಎ ಇಂದ ಡಿ ವರೆಗೆ ದರ್ಜೆ ಕೊಡೋ ನಿಯಮ ಬಂತು. ಸಕ್ಕರೆ, ಕೊಬ್ಬು ಹೆಚ್ಚಾಗಿ ಸಿ ಅಥವಾ ಡಿ ಬಂದ್ರೆ ಅದನ್ನ ಮೆನುವಿನಲ್ಲೇ ಹಾಕಬೇಕು. ನಮ್ಮಲ್ಲೂ ಬರಲಿ ಅನ್ಸುತ್ತೆ. ಆದರೆ ಆಗ ನಮ್ಮ ಬೇಕರಿ ಟೀಗೂ ಡಿ ಬರಬಹುದು, ಅದಕ್ಕೆ ತಯಾರಿರಬೇಕು!

ಸರಿ, ಈಗ ಕುರ್ಚಿ ವಿಷಯಕ್ಕೆ ಬರೋಣ.

ಸಿಚುವಾನ್ ಪ್ರಾಂತ್ಯದ ಚೆಂಗ್ಡು ನಗರಕ್ಕೆ ಬನ್ನಿ. ಚೀನಾದಲ್ಲಿ ಚಹಾ ಅಂಗಡಿಗೆ ಹೆಸರಾದ ಊರು ಯಾವುದು ಅಂದ್ರೆ ಇದೇ. ಬಿದಿರಿನ ಕುರ್ಚಿ, ಗಿಡ್ಡ ಮೇಜು. ಕೆಳಗೆ ತಟ್ಟೆ, ನಡುವೆ ಬಟ್ಟಲು, ಮೇಲೆ ಮುಚ್ಚಳ, ಹೀಗೆ ಮೂರು ಭಾಗದ ಚಹಾ ಬಟ್ಟಲು. ಒಂದು ಸಲ ಎಲೆಗೆ ದುಡ್ಡು ಕೊಟ್ರೆ ಮುಗೀತು. ಬಿಸಿನೀರು ಹಾಕ್ತಾನೇ ಇರ್ತಾರೆ, ನೀವು ಕೂತ್ಕೊಂಡೇ ಇರಬಹುದು. ಇಸ್ಪೀಟು, ಮಾಜಾಂಗ್, ಕಿವಿ ಸ್ವಚ್ಛ ಮಾಡಿಸಿಕೊಳ್ಳೋದು, ಹರಟೆ, ನಿದ್ದೆ. ಮುಚ್ಚಳವನ್ನ ತೆಗೆದು ಪಕ್ಕಕ್ಕಿಟ್ರೆ ನೀರು ಬೇಕು ಅಂತ ಅರ್ಥ, ಬಾಯಿ ಬಿಡೋದೇ ಬೇಡ.

ಹಳೇ ಕಾಲದಲ್ಲಿ ಈ ಜಾಗಗಳು ಪಂಚಾಯ್ತಿ ಕಟ್ಟೆಗಳೂ ಆಗಿದ್ವು. ಇಬ್ಬರಿಗೆ ಸಾಲದ ಜಗಳ, ಗಡಿ ಜಗಳ ಬಂತು ಅನ್ಕೊಳ್ಳಿ. ಕೋರ್ಟಿಗೆ ಹೋಗೋ ಬದಲು ಊರಿನ ಮರ್ಯಾದಸ್ಥರೊಬ್ಬರನ್ನ ಕರ್ಕೊಂಡು ಚಹಾ ಅಂಗಡಿಗೆ ಬರೋರು. ಎಲ್ಲರ ಎದುರು ವಾದ, ಅಲ್ಲೇ ತೀರ್ಮಾನ. ಸೋತವನು ಎಲ್ಲರ ಚಹಾದ ಬಿಲ್ ಕೊಡಬೇಕು! ಇಪ್ಪತ್ತನೇ ಶತಮಾನದ ಚೀನಾದ ಹೆಸರಾಂತ ನಾಟಕಗಳಲ್ಲಿ ಒಂದು ಲಾವ್ ಶೆ ಅವರು 1957ರಲ್ಲಿ ಪ್ರಕಟಿಸಿದ 'ಚಹಾ ಅಂಗಡಿ'. ಬೀಜಿಂಗ್‌ನ ಒಂದೇ ಚಹಾ ಅಂಗಡಿಯಲ್ಲಿ ಐವತ್ತು ವರ್ಷದ ದೇಶದ ಕಥೆ ನಡೆದುಹೋಗುತ್ತೆ. ಎಲ್ಲ ಬಗೆಯ ಜನ ಬಂದು ಕೂರೋ ಜಾಗ ಇನ್ಯಾವುದಿತ್ತು ಹೇಳಿ?

ಚೆಂಗ್ಡುವಿನ ಹೊರವಲಯದ ಪೆಂಗ್‌ಝೆನ್ ಅನ್ನೋ ಹಳೇ ಪೇಟೆಯಲ್ಲಿ ಗುಡಿಯೊಂದನ್ನ ಚಹಾ ಅಂಗಡಿ ಮಾಡಿಕೊಂಡ ಜಾಗ ಇದೆ. ಮಣ್ಣಿನ ನೆಲ, ಕಲ್ಲಿದ್ದಲ ಒಲೆ. ಊರಿನ ಮುದುಕರು ನಸುಕಿಗೇ ಬಂದು ಕೂರ್ತಾರೆ, ಅವರಿಗೆ 1 ಯುವಾನ್. ಫೋಟೋ ತೆಗೆಯೋಕೆ ಬರೋ ಪ್ರವಾಸಿಗರಿಗೆ ದರ ಬೇರೆ. ಆ 1 ಯುವಾನ್ ಅನ್ನ ನೆನಪಿಟ್ಕೊಳ್ಳಿ.

ಈಗ ಹೊಸ ಅಂಗಡಿಗಳು. 2012ರಲ್ಲಿ ಗ್ವಾಂಗ್‌ಡಾಂಗ್ ಪ್ರಾಂತ್ಯದ ಜಿಯಾಂಗ್‌ಮೆನ್ ಊರಿನ ಒಂದು ಗಲ್ಲಿಯಲ್ಲಿ ನ್ಯೆ ಯುನ್‌ಚೆನ್ ಅನ್ನೋ ಇಪ್ಪತ್ತೊಂದರ ಹುಡುಗ ಸಣ್ಣ ಅಂಗಡಿ ತೆಗೆದ. ಆಮೇಲೆ ಹೇಟೀ ಆಗಿದ್ದು ಇದೇ. ಅಲ್ಲಿವರೆಗೆ ಚೀನಾದ ಸಣ್ಣ ಅಂಗಡಿಗಳ ಮಿಲ್ಕ್ ಟೀ ಅಂದ್ರೆ ಹೆಚ್ಚಾಗಿ ಪುಡಿ ಕಲಕಿದ್ದು, ಹಾಲೂ ಹಾಲಲ್ಲ, ಕ್ರೀಮರ್ ಪುಡಿ. ಈ ಹುಡುಗ ನಿಜವಾದ ಚಹಾ, ನಿಜವಾದ ಹಣ್ಣು, ಚೀಸ್ ನೊರೆ ತಂದ. 2017ರಲ್ಲಿ ಶಾಂಘೈಗೆ ಬಂದಾಗ ಗಂಟೆಗಟ್ಟಲೆ ಕ್ಯೂ. ಇದು ಗೋಲಿಯ ಕ್ಯೂ ಅಲ್ಲ, ನಿಲ್ಲೋ ಕ್ಯೂ. ಸಿನಿಮಾ ಟಿಕೆಟ್ ತರಹ ಬ್ಲಾಕ್‌ನಲ್ಲಿ ಚಹಾ ಮಾರಿದ್ರು.

ಅದೇ ಕಾಲದಲ್ಲಿ ನಾಯುಕಿ ಅನ್ನೋ ಇನ್ನೊಂದು ಕಂಪನಿ. 2015ರಲ್ಲಿ ಶೆನ್‌ಝೆನ್‌ನಲ್ಲಿ ಶುರು. ಇವರ ಲೆಕ್ಕ ಬೇರೆ ಇತ್ತು. ದೊಡ್ಡ ಅಂಗಡಿ, ಚಂದದ ಸೋಫಾ, ಚಹಾ ಜೊತೆ ಬ್ರೆಡ್. ಹುಡುಗ ಹುಡುಗಿಯರು ಬಂದು ಕೂತು ಮಾತಾಡಲಿ ಅಂತ. ಒಂದು ರೀತಿಯಲ್ಲಿ ಹಳೇ ಚಹಾ ಅಂಗಡಿಯನ್ನೇ ಗಾಜು, ಎಸಿ ಹಾಕಿ ಹೊಸದಾಗಿ ಕಟ್ಟೋ ಆಸೆ. 2021ರ ಜೂನ್‌ನಲ್ಲಿ ಹಾಂಗ್‌ಕಾಂಗ್ ಶೇರುಪೇಟೆಗೆ ಬಂತು, ಮೊದಲ ದಿನವೇ ಶೇರು ಬಿತ್ತು. 2024ರಲ್ಲಿ 90 ಕೋಟಿ ಯುವಾನ್‌ಗೂ ಹೆಚ್ಚು ನಷ್ಟ.

ಹಾಗಾದ್ರೆ ಗೆದ್ದಿದ್ದು ಯಾರು? ಮಿಶುಯೆ. ಹೆನಾನ್ ಪ್ರಾಂತ್ಯದ ಝೆಂಗ್‌ಝೋನಲ್ಲಿ 1997ರಲ್ಲಿ ಝಾಂಗ್ ಹೊಂಗ್‌ಚಾವ್ ಅನ್ನೋ ಕಾಲೇಜು ಹುಡುಗ, ಅಜ್ಜಿ ಕೂಡಿಟ್ಟ ದುಡ್ಡಲ್ಲಿ ಐಸ್ ತುರಿದು ಮಾರೋ ಅಂಗಡಿ ಹಾಕಿದ. 2006ರಲ್ಲಿ 1 ಯುವಾನ್‌ಗೆ ಐಸ್‌ಕ್ರೀಮ್ ಕೋನ್ ಕೊಟ್ಟು ಹೆಸರು ಮಾಡಿದ. ಈಗ ನಿಂಬೆ ಪಾನೀಯ 4 ಯುವಾನ್, ನಮ್ಮ ಲೆಕ್ಕದಲ್ಲಿ ಐವತ್ತು ರೂಪಾಯಿ ಆಸುಪಾಸು. ಬೆಂಗಳೂರಿನ ಮಾಲ್‌ನಲ್ಲಿ ಬಬಲ್ ಟೀಗೆ ಇನ್ನೂರು ರೂಪಾಯಿ ತೆತ್ತು ಇದು ಶ್ರೀಮಂತರ ಶೋಕಿ ಅನ್ಕೊಂಡಿದ್ರೆ, ಅಲ್ಲಿ ಸಣ್ಣ ಊರಿನ ಶಾಲೆ ಮಕ್ಕಳ, ಕಾರ್ಖಾನೆ ಕಾರ್ಮಿಕರ ಕೈಯಲ್ಲಿರೋದು ಇದು. 2024ರ ಸೆಪ್ಟೆಂಬರ್ ಹೊತ್ತಿಗೆ 45,000ಕ್ಕೂ ಹೆಚ್ಚು ಅಂಗಡಿ, ಮೆಕ್‌ಡೊನಾಲ್ಡ್ಸ್‌ಗಿಂತ ಹೆಚ್ಚು. 2025ರ ಮಾರ್ಚ್ 3ರಂದು ಹಾಂಗ್‌ಕಾಂಗ್ ಶೇರುಪೇಟೆಗೆ ಬಂದಾಗ ಸಾಮಾನ್ಯ ಹೂಡಿಕೆದಾರರಿಗೆ ಇಟ್ಟಿದ್ದ ಶೇರುಗಳಿಗೆ 5,000 ಪಟ್ಟಿಗೂ ಹೆಚ್ಚು ಅರ್ಜಿ, ಮೊದಲ ದಿನವೇ ಬೆಲೆ 40 ಶೇಕಡಕ್ಕೂ ಮೇಲೆ ಜಿಗೀತು. 2024ರ ಲಾಭ ಸುಮಾರು 445 ಕೋಟಿ ಯುವಾನ್.

ಮಿಶುಯೆ ಅಂಗಡಿ ಹೇಗಿರುತ್ತೆ? ಹೆಚ್ಚಿನವು ಬರೀ ಒಂದು ಕೌಂಟರ್, ಕೆಂಪು ಬೋರ್ಡು, ಕಿರೀಟ ಹಾಕಿದ ಹಿಮಗೊಂಬೆ. ಆರ್ಡರ್ ಫೋನಲ್ಲಿ, ದುಡ್ಡು ಫೋನಲ್ಲಿ, ಕಪ್ಪು ಸೀಲ್ ಆಗಿ ಬರುತ್ತೆ, ನೀವು ಹೊರಡಿ. ಸೀಲ್ ಯಾಕಿದೆ ಅಂತ ಯೋಚಿಸಿದ್ದೀರಾ? ನಡ್ಕೊಂಡು ಹೋಗೋರಿಗೆ, ಸ್ಕೂಟರ್ ಹ್ಯಾಂಡಲ್‌ಗೆ ನೇತು ಹಾಕೋರಿಗೆ. ಆ ಪ್ಲಾಸ್ಟಿಕ್ ಹಾಳೆ ಬಂದಾಗಲೇ ಚಹಾಕ್ಕೂ ಕುರ್ಚಿಗೂ ಸಂಬಂಧ ಮುರೀತು. ಕೂರಿಸೋ ಆಸೆ ಇಟ್ಕೊಂಡಿದ್ದ ನಾಯುಕಿಗೆ ನಷ್ಟ, ನಿಲ್ಲೋಕೂ ಬಿಡದ ಮಿಶುಯೆಗೆ ಲಾಭ. ಬಾಡಿಗೆ ಲೆಕ್ಕ ಹಾಕಿದ್ರೆ ಅರ್ಥ ಆಗುತ್ತೆ. ಒಂದು ಕುರ್ಚಿಯಲ್ಲಿ ಒಬ್ಬ ಮೂರು ಗಂಟೆ ಕೂತರೆ, ಆ ಚದರ ಅಡಿ ಮೂರು ಗಂಟೆಗೆ ಒಂದೇ ಕಪ್ಪು ಮಾರಿದ ಹಾಗೆ. ನಮ್ಮ ದರ್ಶಿನಿಗಳೂ ಎಂಬತ್ತರ ದಶಕದಲ್ಲಿ ಇದೇ ಲೆಕ್ಕ ಹಾಕಿ ಕುರ್ಚಿ ತೆಗೆದಿದ್ದು. ಆದರೆ ಅಲ್ಲಿ ಲೋಟ ವಾಪಸ್ ಕೊಡೋವರೆಗಾದ್ರೂ ನಿಲ್ಲಬೇಕಲ್ಲ. ಆ ಹತ್ತು ನಿಮಿಷದಲ್ಲೇ ರಾಜಕೀಯ, ಕ್ರಿಕೆಟ್, ಹೆಣ್ಣು ನೋಡೋ ಮಾತು ಎಲ್ಲ ಮುಗಿಯುತ್ತೆ.

ಮಿಶುಯೆಯ ಲೆಕ್ಕಪುಸ್ತಕದಲ್ಲಿ ಇನ್ನೊಂದು ವಿಷಯ ಇದೆ, ನನಗೆ ಇದೇ ಮುಖ್ಯ ಅನ್ಸೋದು. ಕಂಪನಿ ದುಡ್ಡು ಮಾಡೋದು ನಿಮಗೆ ಚಹಾ ಮಾರಿ ಅಲ್ಲ. ಅಂಗಡಿಗಳಲ್ಲಿ ಬಹುತೇಕ ಎಲ್ಲವೂ ಫ್ರಾಂಚೈಸಿ, ಅಂದ್ರೆ ಬೇರೆಯವರದ್ದು. ಪುಡಿ, ಪಾಕ, ನಿಂಬೆಹಣ್ಣು, ಕಪ್ಪು, ಯಂತ್ರ, ಇವನ್ನ ಆ ಫ್ರಾಂಚೈಸಿಯವರಿಗೆ ಮಾರೋದರಿಂದಲೇ ಆದಾಯದ 95 ಶೇಕಡಕ್ಕೂ ಹೆಚ್ಚು ಬರುತ್ತೆ. ಬಾಡಿಗೆ ಯಾರದ್ದು? ಅಂಗಡಿಯವರದ್ದು. ಹುಡುಗರ ಸಂಬಳ? ಅಂಗಡಿಯವರದ್ದು. ಮಳೆ ಬಂದು ವ್ಯಾಪಾರ ಆಗದಿದ್ರೆ? ಅದೂ ಅವರದ್ದೇ. ಪಕ್ಕದ ಬೀದಿಯಲ್ಲಿ ಇನ್ನೊಂದು ಮಿಶುಯೆ ತೆಗೆದ್ರೆ ಕಂಪನಿಗೆ ಇನ್ನೊಬ್ಬ ಗಿರಾಕಿ ಸಿಕ್ಕ, ಅಂಗಡಿಯವರಿಗೆ ಪಾಲುದಾರ ಸಿಕ್ಕ. ಉಳಿತಾಯ ಎಲ್ಲ ಹಾಕಿ ಬೋರ್ಡ್ ತಗುಲಿಸಿಕೊಂಡವರ ಕಥೆ, ಶೇರು ಬೆಲೆ 40 ಶೇಕಡ ಏರಿತು ಅನ್ನೋ ಸುದ್ದಿಯ ಒಳಗೆ ಕಾಣಿಸಲ್ಲ.

2025ರ ಬೇಸಿಗೆಯಲ್ಲಿ ಇದು ಇನ್ನೊಂದು ಹಂತಕ್ಕೆ ಹೋಯ್ತು. ಮೇಯ್‌ತ್ವಾನ್, ಅಲಿಬಾಬಾ, ಜೆಡಿ, ಈ ಮೂರು ದೈತ್ಯರು ಡೆಲಿವರಿ ಮಾರುಕಟ್ಟೆಗೆ ಕಾದಾಡಿದ್ರು. ಕೂಪನ್ ಮೇಲೆ ಕೂಪನ್. ಮಿಲ್ಕ್ ಟೀ ಒಂದೆರಡು ಯುವಾನ್‌ಗೆ, ಕೆಲವು ಸಲ ಸೊನ್ನೆ ಯುವಾನ್‌ಗೆ. ಯಾಕೆ ಮಿಲ್ಕ್ ಟೀ? ಅಗ್ಗ, ಬೇಗ ಆಗುತ್ತೆ, ಹೊಟ್ಟೆ ತುಂಬಿದ್ರೂ ಇನ್ನೊಂದು ಕುಡೀಬಹುದು. ಅಂಗಡಿಗಳಲ್ಲಿ ಬಿಲ್ ಮೆಷಿನ್‌ನಿಂದ ಉದ್ದುದ್ದ ಚೀಟಿ ನೇತಾಡೋ ವಿಡಿಯೋಗಳು, ಅಳೋ ಸ್ಥಿತಿಗೆ ಬಂದ ಕೆಲಸದ ಹುಡುಗಿಯರು, ಕೌಂಟರ್ ತುಂಬಾ ಯಾರೂ ತಗೊಂಡು ಹೋಗದ ಕಪ್ಪುಗಳು. ಜುಲೈನಲ್ಲಿ ಸರ್ಕಾರದ ಮಾರುಕಟ್ಟೆ ನಿಯಂತ್ರಣ ಇಲಾಖೆ ಮೂರೂ ಕಂಪನಿಗಳನ್ನ ಕರೆಸಿ ಬುದ್ಧಿ ಹೇಳಿತು.

ಈಗ ನೀವು ಕೇಳಬಹುದು, ಅಲ್ಲಿಯ ಯುವಕರಿಗೆ ಇದರಿಂದ ಏನೂ ಸಿಗ್ತಿಲ್ವಾ? ಸಿಗ್ತಿದೆ. 2020ರ ಸೆಪ್ಟೆಂಬರ್‌ನಲ್ಲಿ 'ಶರತ್ಕಾಲದ ಮೊದಲ ಕಪ್ ಮಿಲ್ಕ್ ಟೀ' ಅಂತ ಒಂದು ಅಲೆ ಎದ್ದಿತು. ಪ್ರೀತಿಪಾತ್ರರಿಗೆ ವಿಚ್ಯಾಟ್‌ನಲ್ಲಿ 52 ಯುವಾನ್ ಕಳಿಸೋದು, ಹೋಗಿ ಚಹಾ ಕುಡಿ ಅಂತ. ಚೀನೀ ಭಾಷೆಯಲ್ಲಿ ಐದು-ಎರಡು-ಸೊನ್ನೆ ಅಂತ ಹೇಳಿದ್ರೆ 'ನಿನ್ನನ್ನ ಪ್ರೀತಿಸ್ತೀನಿ' ಅಂತ ಕೇಳಿಸುತ್ತೆ. ಈಗ ಕಂಪನಿಗಳೇ ಆಗಸ್ಟ್‌ನಲ್ಲಿ ಇದನ್ನ ಹಬ್ಬದ ಹಾಗೆ ಆಚರಿಸ್ತವೆ. ನೋಡಿ ಮಜಾ, ಇಬ್ಬರು ಒಂದು ಮೇಜಿನ ಎದುರು ಕೂರೋ ಬದಲು, ಒಬ್ಬರು ದುಡ್ಡು ಕಳಿಸ್ತಾರೆ, ಇನ್ನೊಬ್ಬರು ಬೇರೆ ಊರಲ್ಲಿ ಕುಡೀತಾರೆ. ಓದೋಕೆ, ಕೆಲಸಕ್ಕೆ ಅಂತ ಚೆದುರಿ ಹೋದ ಪೀಳಿಗೆಗೆ ಇದೇ ಸಾಧ್ಯ ಇರೋದು. ಅದನ್ನ ನಾನು ನಗೆಯಾಡಲ್ಲ.

2022ರ ನವೆಂಬರ್‌ನಲ್ಲಿ ಯುನೆಸ್ಕೋ ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆ ಮತ್ತು ಅದರ ಸುತ್ತಲಿನ ಸಾಮಾಜಿಕ ಆಚರಣೆಗಳನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಚಳಿಗಾಲದಲ್ಲಿ ಅಲ್ಲಿಯ ನಗರಗಳಲ್ಲಿ ಹೊಸ ಶೋಕಿ ಹುಟ್ಟಿತು, 'ಒಲೆ ಸುತ್ತ ಕೂತು ಚಹಾ ಕುದಿಸೋದು'. ನಡುವೆ ಇದ್ದಿಲ ಒಲೆ, ಮಣ್ಣಿನ ಚಹಾ ಮಡಿಕೆ, ಒಲೆ ಮೇಲಿನ ಜಾಲರಿಯಲ್ಲಿ ಕಡಲೆಕಾಯಿ, ಗೆಣಸು, ಕಿತ್ತಳೆ ಸುಡೋದು. ಸುತ್ತ ಬಿದಿರಿನ ಗಿಡ್ಡ ಕುರ್ಚಿ. ಹುಡುಗ ಹುಡುಗಿಯರು ಫೋಟೋ ಹಾಕಿದ್ದೇ ಹಾಕಿದ್ದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬೇಡಿ ಅಂತ ಅಗ್ನಿಶಾಮಕದವರು ಎಚ್ಚರಿಕೆ ಕೊಡಬೇಕಾಯ್ತು. ಒಂದು ಮೇಜಿನ ಪ್ಯಾಕೇಜ್ ಎಷ್ಟು ಗೊತ್ತಾ? ಅನೇಕ ಕಡೆ 100 ಯುವಾನ್ ದಾಟಿತ್ತು, ಕೆಲವು ಕಡೆ ಇಂತಿಷ್ಟೇ ಗಂಟೆ ಅಂತ ಮಿತಿ ಬೇರೆ. ಪೆಂಗ್‌ಝೆನ್‌ನ ಮುದುಕರು ಬಿದಿರಿನ ಕುರ್ಚಿಯಲ್ಲಿ ದಿನವಿಡೀ ಕೂರೋಕೆ ಕೊಟ್ಟಿದ್ದು 1 ಯುವಾನ್.

ಇವತ್ತಿಗೆ ಇಷ್ಟು. ನಿಮ್ಮೂರಲ್ಲಿ ಒಂದು ಟೀ ತಗೊಂಡು ಗಂಟೆಗಟ್ಟಲೆ ಕೂತ್ರೂ ಯಾರೂ ಎಬ್ಬಿಸದ ಅಂಗಡಿ ಇದ್ರೆ ಅದರ ಬಗ್ಗೆ ವಾಯ್ಸ್ ನೋಟ್ ಕಳಿಸಿ, ಕೇಳೋಕೆ ಆಸೆ ಇದೆ. ಅಂಗಡಿ ಹೆಸರು ಹೇಳಬೇಡಿ, ಜನ ನುಗ್ಗಿಬಿಟ್ರೆ ಅವರೂ ಕುರ್ಚಿ ತೆಗೀತಾರೆ! ಮುಂದಿನ ವಾರ ಸಿಗೋಣ.